ಬೆಲ್ಟ್ ಬಂತು, ಬೀಳುವುದು ಬಂತಾ?

ಕರಾಟೆ, ಜೂಡೋ, ಬಾಕ್ಸಿಂಗ್, ಕುಸ್ತಿ ಕಲಿಯುವವರು, ಕಲಿಸುವವರು, ಬರೀ ನೋಡಿ ಖುಷಿಪಡುವವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಕರಾಟೆಗೆ ಸೇರಿಸಿ ವರ್ಷವಾಯಿತು, ಆಗಲೇ ನಾಲ್ಕು ಬೆಲ್ಟ್ ಬದಲಾಗಿದೆ. ಪ್ರತಿ ಪರೀಕ್ಷೆಗೂ ಬೇರೆ ಫೀಸು. ಇನ್ನೊಂದು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತ ಮಾಸ್ಟರ್ ಹೇಳುತ್ತಾರೆ. ಮೊನ್ನೆ ಆಡುವಾಗ ಎಡವಿ ಬಿದ್ದ, ಕೈ ಊರಿ ಮಣಿಕಟ್ಟು ಮುರಿದುಕೊಂಡ. ಇಷ್ಟು ಬೆಲ್ಟ್ ಇದ್ದೂ ಬೀಳಲು ಕಲಿಸಿಲ್ಲವಾ ಅಂತ ಅವನ ಅಜ್ಜ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. (ಒಬ್ಬ ತಾಯಿ)

ಉತ್ತರ: ಅಜ್ಜ ಕೇಳಿದ್ದು ಸರಿಯಾಗಿಯೇ ಇದೆ. ಅದನ್ನು ಹಾಗೇ ಮಾಸ್ಟರ್ ಹತ್ತಿರ ಕೇಳಿ.

ಬೀಳುವಾಗ ಕೈ ಚಾಚುವುದು ಯಾರೂ ಕಲಿಸದೆ ಬರುವ ಅಭ್ಯಾಸ. ಮೈಯ ಭಾರವೆಲ್ಲ ಅಂಗೈ ಮೇಲೆ ಬಂದು ಮಣಿಕಟ್ಟೋ ಮೊಣಕೈಯೋ ಮುರಿಯುತ್ತದೆ. ಜೂಡೋದಲ್ಲಿ ಶುರುವಿನಿಂದಲೇ ಇದನ್ನು ಬಿಡಿಸುತ್ತಾರೆ. ಗದ್ದ ಎದೆಗೆ ಒತ್ತಿರಬೇಕು, ಹಿಂದಲೆ ನೆಲಕ್ಕೆ ತಾಗಬಾರದು, ಬೆನ್ನು ದುಂಡಗಾಗಬೇಕು, ತೋಳು ಪೂರ್ತಿಯಾಗಿ ಮ್ಯಾಟಿಗೆ ಬಡಿಯಬೇಕು. ಆಗ ಪೆಟ್ಟು ಒಂದೇ ಕಡೆ ಬೀಳದೆ ಹರಡಿಕೊಳ್ಳುತ್ತದೆ. ಇದಕ್ಕೆ ಉಕೆಮಿ ಅನ್ನುತ್ತಾರೆ. ಮೊದಲು ಕೂತು ಬೀಳುವುದು, ಆಮೇಲೆ ಕುಕ್ಕರಗಾಲಿನಿಂದ, ಆಮೇಲೆ ನಿಂತು, ಕೊನೆಗೆ ಬೇರೆಯವರು ಎತ್ತಿ ಹಾಕಿದಾಗ. ಕರಾಟೆಯಲ್ಲಿ ಎತ್ತಿ ಹಾಕುವುದು ಕಮ್ಮಿ, ಅದಕ್ಕೇ ಎಷ್ಟೋ ಕ್ಲಾಸುಗಳಲ್ಲಿ ಇದರ ಸುದ್ದಿಗೇ ಹೋಗುವುದಿಲ್ಲ. ಇದು ನನಗೆ ತುಂಬಾ ಬೇಸರದ ವಿಷಯ. ಮನುಷ್ಯ ಹೊಡೆದಾಡುವುದಕ್ಕಿಂತ ಜಾರಿ ಬೀಳುವುದೇ ಜಾಸ್ತಿ, ಅಲ್ವಾ?

ಇನ್ನು ಬೆಲ್ಟು. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ಬೌದ್ಧ ಮಂದಿರದಲ್ಲಿ ಜಾಗ ಪಡೆದು ಕೊಡೊಕಾನ್ ಅನ್ನುವ ತಮ್ಮ ಶಾಲೆ ಶುರು ಮಾಡಿದರು, ಮರುವರ್ಷ ಇಬ್ಬರು ಶಿಷ್ಯರಿಗೆ ಮೊದಲ ಡಾನ್, ಅಂದರೆ ಈಗ ಬ್ಲ್ಯಾಕ್ ಬೆಲ್ಟ್ ಅನ್ನುವ ಮಟ್ಟದ ದರ್ಜೆ, ಕೊಟ್ಟರು. ಆಗ ಹಳದಿ, ಕಿತ್ತಳೆ, ಹಸಿರು ಬೆಲ್ಟುಗಳು ಇರಲಿಲ್ಲ. ಒಕಿನಾವಾದ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದರು, ಜೂಡೋದ ಪದ್ಧತಿಯನ್ನೇ ತೆಗೆದುಕೊಂಡು 1924ರಲ್ಲಿ ತಮ್ಮ ಶಿಷ್ಯರಿಗೂ ಡಾನ್ ಕೊಟ್ಟರು. ಬಣ್ಣಬಣ್ಣದ ಬೆಲ್ಟ್ ಜೋರಾಗಿ ಹಬ್ಬಿದ್ದು 1930ರ ದಶಕದ ಪ್ಯಾರಿಸ್‌ನಿಂದ. ಅಲ್ಲಿ ಜೂಡೋ ಕಲಿಸುತ್ತಿದ್ದ ಮಿಕೊನೊಸುಕೆ ಕವೈಶಿ ಅದನ್ನು ಬಳಕೆಗೆ ತಂದರು. ಮುಂದಿನ ಗುರಿ ಕಣ್ಣಿಗೆ ಕಾಣುತ್ತಿದ್ದರೆ ಕಲಿಯುವವರು ಬಿಟ್ಟು ಹೋಗುವುದಿಲ್ಲ. ಮಕ್ಕಳ ಮಟ್ಟಿಗೆ ಇದು ಒಳ್ಳೆಯದೇ, ಬಣ್ಣ ಬದಲಾದ ದಿನ ಅವರ ಮುಖ ನೋಡಬೇಕು. ತೊಂದರೆ ಶುರುವಾಗುವುದು ದಿನಾಂಕ ಮೊದಲೇ ಹೇಳಿದಾಗ. ಮಗು ಏನು ಕಲಿಯುತ್ತದೆ ಅಂತ ನೋಡುವ ಮೊದಲೇ ‘ಎರಡು ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್’ ಅಂದರೆ ಅದು ಮಾರಾಟ, ಅಷ್ಟೇ. ಬ್ರೆಜಿಲಿಯನ್ ಜಿಯು ಜಿಟ್ಸುವಿನ ದೊಡ್ಡ ಸಂಸ್ಥೆ ಐಬಿಜೆಜೆಎಫ್ ಹತ್ತೊಂಬತ್ತು ತುಂಬುವ ತನಕ ಯಾರಿಗೂ ಬ್ಲ್ಯಾಕ್ ಬೆಲ್ಟ್ ಒಪ್ಪುವುದಿಲ್ಲ. ಟೇಕ್ವಾಂಡೋದ ಮುಖ್ಯ ಸಂಸ್ಥೆ ಕುಕ್ಕಿವಾನ್ ಹದಿನೈದರ ಒಳಗಿನ ಮಕ್ಕಳಿಗೆ ‘ಪೂಮ್’ ಅನ್ನುವ ಬೇರೆ ದರ್ಜೆ ಕೊಡುತ್ತದೆ, ಅವರ ಬೆಲ್ಟ್ ಅರ್ಧ ಕೆಂಪು ಅರ್ಧ ಕಪ್ಪು.

ಒಂದು ದಿನ ಹೋಗಿ ಪೂರ್ತಿ ಕ್ಲಾಸ್ ನೋಡಿ. ಒದ್ದರೆ ತಪ್ಪಿಸಿಕೊಳ್ಳುವ, ಹಿಡಿದರೆ ಬಿಡಿಸಿಕೊಳ್ಳುವ ಜೊತೆಗಾರ ಮಗನಿಗೆ ಇದ್ದಾನಾ? ಅಥವಾ ಗಾಳಿಗೆ ಪಂಚ್ ಹೊಡೆಯುವುದರಲ್ಲೇ ಗಂಟೆ ಮುಗಿಯುತ್ತದಾ? ಮಾಸ್ಟರ್ ಮಕ್ಕಳ ಪಾದ ನೋಡುತ್ತಾರಾ, ಫೋನ್ ನೋಡುತ್ತಾರಾ? ಇಷ್ಟು ನೋಡಿದರೆ ಬಿಡಬೇಕಾ ಮುಂದುವರಿಸಬೇಕಾ ಅಂತ ನಿಮಗೇ ಗೊತ್ತಾಗುತ್ತದೆ. ಮಣಿಕಟ್ಟು ಪೂರ್ತಿ ವಾಸಿಯಾಗಿ ಡಾಕ್ಟರ್ ಒಪ್ಪುವ ತನಕ ಅವನನ್ನು ಕಳಿಸಬೇಡಿ.

ಪ್ರಶ್ನೆ: ನಾನು ಬ್ರೂಸ್ ಲೀ ಅಭಿಮಾನಿ. ಸಿನಿಮಾ ನೋಡಿಯೇ ಕ್ಲಾಸಿಗೆ ಸೇರಿದೆ. ಎರಡು ತಿಂಗಳಿಂದ ನಿಲ್ಲುವುದು, ಹೆಜ್ಜೆ ಹಾಕುವುದು, ಒಂದೇ ಪಂಚ್. ಬೋರಾಗುತ್ತಿದೆ. ಇನ್ನೊಂದು ಪ್ರಶ್ನೆ, ಬ್ರೂಸ್ ಲೀ ಇವತ್ತಿನ ಎಂಎಂಎ (ಹಲವು ಕಲೆಗಳನ್ನು ಬೆರೆಸಿ ಆಡುವ ಹೊಡೆದಾಟದ ಪಂದ್ಯ) ಫೈಟರ್‌ಗಳನ್ನು ಸೋಲಿಸುತ್ತಿದ್ದರಾ? ಗೆಳೆಯರ ಜೊತೆ ದೊಡ್ಡ ಜಗಳವೇ ಆಗಿದೆ. (ಕಾಲೇಜು ಹುಡುಗ)

ಉತ್ತರ: ಮೊದಲು ಜಗಳ ಬಗೆಹರಿಸೋಣ. ಬ್ರೂಸ್ ಲೀ ವೃತ್ತಿಪರ ರಿಂಗಿನಲ್ಲಿ ಯಾವತ್ತೂ ಆಡಲಿಲ್ಲ. ತೂಕ ಅರವತ್ತು ಕೆಜಿಯ ಆಸುಪಾಸು. 1973ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 32. ಎಂಎಂಎಯ ದೊಡ್ಡ ಪಂದ್ಯಾವಳಿ ಯುಎಫ್‌ಸಿ ಮೊದಲ ಸಲ ನಡೆದದ್ದು 1993ರ ನವೆಂಬರಿನಲ್ಲಿ, ಡೆನ್ವರ್‌ನಲ್ಲಿ. ಅಂದರೆ ಅವರು ಹೋಗಿ ಇಪ್ಪತ್ತು ವರ್ಷದ ಮೇಲೆ ಶುರುವಾದ ಆಟ ಇದು. ಈಗ ಅದರಲ್ಲಿ ತೂಕಕ್ಕೆ ತಕ್ಕ ವಿಭಾಗಗಳಿವೆ, ಹತ್ತು ಕೆಜಿ ವ್ಯತ್ಯಾಸ ಎಂಥ ಕಲೆಯನ್ನೂ ಅಡಗಿಸಿಬಿಡುತ್ತದೆ ಅಂತ ಎಲ್ಲರಿಗೂ ಗೊತ್ತು. ನೆಲದ ಮೇಲಿನ ಪಟ್ಟುಗಳು ಆಮೇಲೆ ತುಂಬಾ ಮುಂದೆ ಹೋಗಿವೆ. ಹಾಗಾಗಿ ಇವತ್ತಿನ ಚಾಂಪಿಯನ್ ಎದುರು ಅವರನ್ನು ನಿಲ್ಲಿಸಿ ನೋಡುವುದು ನ್ಯಾಯವಲ್ಲ.

ಆದರೆ ಅವರನ್ನು ಬರೀ ನಟ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಹುಡುಗನಾಗಿದ್ದಾಗ ಇಪ್ ಮಾನ್ ಅನ್ನುವ ಗುರುಗಳ ಬಳಿ ವಿಂಗ್ ಚುನ್ ಅನ್ನುವ ಚೀನೀ ಹೊಡೆದಾಟದ ಕಲೆ ಕಲಿತರು, ಅಷ್ಟಕ್ಕೇ ನಿಲ್ಲಲಿಲ್ಲ. ಬಾಕ್ಸಿಂಗ್‌ನ ಹೆಜ್ಜೆ ನೋಡಿದರು, ಕತ್ತಿವರಸೆಯ ಫೆನ್ಸಿಂಗ್‌ನಿಂದ ಮುಂದಿನ ಕೈಯ ವೇಗ ತೆಗೆದುಕೊಂಡರು, ಜೂಡೋ ಗೊತ್ತಿದ್ದ ಜೀನ್ ಲೆಬೆಲ್ ಜೊತೆ ಅಭ್ಯಾಸ ಮಾಡಿದರು. ತಮ್ಮ ಪದ್ಧತಿಗೆ ಜೀತ್ ಕುನೆ ಡೋ ಅಂತ 1967ರಲ್ಲಿ ಹೆಸರಿಟ್ಟರು. ನನ್ನ ಶೈಲಿಯೇ ದೊಡ್ಡದು ಅಂತ ಎಲ್ಲರೂ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಒಬ್ಬ ಮನುಷ್ಯ ಹೀಗೆ ಎಲ್ಲ ಕಡೆಯಿಂದ ಕಲಿತ ಅನ್ನುವುದು ಸಣ್ಣ ಮಾತಲ್ಲ. ಅಭಿಮಾನ ಪಡಲು ಇದು ಸಾಲದಾ?

ಸಿನಿಮಾದ ಹೊಡೆತ ಬೇರೆ, ಮ್ಯಾಟಿನ ಹೊಡೆತ ಬೇರೆ. ಸಿನಿಮಾದಲ್ಲಿ ಕೈ ಅಗಲವಾಗಿ ಬೀಸಬೇಕು, ಇಲ್ಲದಿದ್ದರೆ ಕ್ಯಾಮೆರಾಗೆ ಕಾಣುವುದಿಲ್ಲ. ಎದುರಾಳಿ ಸರಿಯಾದ ಹೊತ್ತಿಗೆ ತಲೆ ತಿರುಗಿಸಬೇಕು. ನಿಜವಾದ ಒಳ್ಳೆಯ ಪಂಚ್ ಗಿಡ್ಡ, ಕಣ್ಣಿಗೆ ಬೀಳುವ ಮೊದಲೇ ಮುಗಿದಿರುತ್ತದೆ. ಜಾಕಿ ಚಾನ್ ಬೆಳೆದದ್ದು ಪೀಕಿಂಗ್ ಒಪೆರಾ ಕಲಿಸುವ ಶಾಲೆಯಲ್ಲಿ. ಲಗಾಟಿ, ಜಿಗಿತ, ಅಭಿನಯ ಎಲ್ಲ ಅಲ್ಲಿಂದ ಬಂದದ್ದು. ಜೆಟ್ ಲೀ ಬೀಜಿಂಗ್‌ನ ವುಶು (ಚೀನೀ ಸಮರಕಲೆ) ತಂಡದ ಹುಡುಗ. ಇಬ್ಬರ ಮೈಯಲ್ಲೂ ವರ್ಷಗಟ್ಟಲೆ ಬೆವರು ಹರಿದಿದೆ. ಅದು ಸುಳ್ಳಲ್ಲ, ಅದರ ಕೆಲಸ ಬೇರೆ.

ನಿಮ್ಮ ಬೋರಿಗೆ ಒಂದು ಮದ್ದು ಹೇಳುತ್ತೇನೆ. ಇಷ್ಟದ ಫೈಟ್ ಒಂದನ್ನು ಮತ್ತೆ ಹಾಕಿ, ಈ ಸಲ ಕೈ ನೋಡಬೇಡಿ, ಪಾದ ಮಾತ್ರ ನೋಡಿ. ಒಂದು ಬಾಕ್ಸಿಂಗ್ ಪಂದ್ಯವನ್ನೂ ಹಾಗೇ ನೋಡಿ. ಹೊಡೆಯುವವನು ಹೊಡೆಯುವ ಮೊದಲೇ ಪಾದ ಎಲ್ಲಿಗೆ ಹೋಗಿ ನಿಂತಿರುತ್ತದೆ ಗಮನಿಸಿ. ಆಮೇಲೆ ಕ್ಲಾಸಿಗೆ ಹೋದಾಗ ಆ ಹೆಜ್ಜೆ ಬೇರೆಯೇ ಅನ್ನಿಸುತ್ತದೆ. ಆದರೂ ಎರಡು ತಿಂಗಳಾದರೂ ಜೊತೆಗಾರನನ್ನೇ ಕೊಟ್ಟಿಲ್ಲ ಅಂದರೆ ಮಾಸ್ಟರ್ ಹತ್ತಿರ ಮರ್ಯಾದೆಯಿಂದ ಕೇಳಿ. ಕೇಳುವುದು ತಪ್ಪಲ್ಲ.

ಪ್ರಶ್ನೆ: ಸ್ಪಾರಿಂಗ್‌ನಲ್ಲಿ (ಜೊತೆಗಾರನೊಂದಿಗೆ ಅಭ್ಯಾಸದ ಹೊಡೆದಾಟ) ತಲೆಗೆ ಒದೆ ಬಿತ್ತು. ಹೆಡ್‌ಗಾರ್ಡ್ ಇತ್ತು. ಪ್ರಜ್ಞೆ ತಪ್ಪಲಿಲ್ಲ, ಆದರೆ ಎರಡು ದಿನದಿಂದ ತಲೆನೋವು, ಬೆಳಕು ನೋಡಿದರೆ ಕಿರಿಕಿರಿ. ಮುಂದಿನ ವಾರ ಟೂರ್ನಮೆಂಟ್. ಗಟ್ಟಿಯಾಗು ಅಂತ ಸೀನಿಯರ್ ಹೇಳುತ್ತಾರೆ.

ಉತ್ತರ: ಟೂರ್ನಮೆಂಟ್ ಬಿಡಿ. ಇವತ್ತೇ ಡಾಕ್ಟರ್‌ಗೆ ತೋರಿಸಿ. ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಎಬ್ಬಿಸಲು ಕಷ್ಟವಾಗುವಷ್ಟು ನಿದ್ದೆ ಬಂದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಪ್ರಜ್ಞೆ ತಪ್ಪದೆಯೂ ಕನ್ಕಷನ್, ಅಂದರೆ ಮೆದುಳಿಗೆ ಪೆಟ್ಟು, ಆಗುತ್ತದೆ, ಹೆಚ್ಚಿನವು ಹಾಗೇ ಆಗುವುದು. ಹೆಡ್‌ಗಾರ್ಡ್ ಚರ್ಮ ಸೀಳದಂತೆ, ಮುಖ ಊದದಂತೆ ಕಾಯುತ್ತದೆ. ಒಳಗೆ ಮೆದುಳು ಅಲುಗುವುದನ್ನು ಅದು ತಡೆಯಲಾರದು. ಮೊದಲ ಒಂದೆರಡು ದಿನ ವಿಶ್ರಾಂತಿ, ಫೋನ್ ಟಿವಿ ಕಮ್ಮಿ. ಸುಮ್ನೆ ಕತ್ತಲೆ ಕೋಣೆಯಲ್ಲಿ ಮಲಗಿರಬೇಕಂತಿಲ್ಲ, ಸ್ವಲ್ಪ ನಡೆಯಬಹುದು. ಆಮೇಲೆ ಹಂತ ಹಂತವಾಗಿ ವಾಪಸ್ಸು: ಹಗುರ ವ್ಯಾಯಾಮ, ಒಬ್ಬರೇ ಮಾಡುವ ಅಭ್ಯಾಸ, ಪ್ಯಾಡ್‌ಗೆ ಹೊಡೆಯುವುದು. ಪ್ರತಿ ಹಂತಕ್ಕೂ ಕಡಿಮೆ ಎಂದರೆ ಒಂದು ದಿನ. ತೊಂದರೆ ಜಾಸ್ತಿಯಾದರೆ ಹಿಂದಿನ ಹಂತಕ್ಕೆ ಹೋಗಿ. ಸ್ಪಾರಿಂಗ್ ಕೊನೆಯದು, ಅದೂ ಡಾಕ್ಟರ್ ಒಪ್ಪಿದ ಮೇಲೆ. ಮೊದಲನೆಯ ಪೆಟ್ಟು ಮಾಯುವ ಮುಂಚೆ ಎರಡನೆಯದು ಬಿದ್ದರೆ ಜೀವಕ್ಕೇ ಅಪಾಯ.

ನಿಮ್ಮ ಸೀನಿಯರ್‌ಗೆ ಇದೂ ಹೇಳಿ. ಥಾಯ್ಲೆಂಡಿನ ಗುದ್ದು-ಒದೆಗಳ ಆಟ ಮುಯೆ ಥಾಯ್ ಆಡುವವರು ವರ್ಷಕ್ಕೆ ಎಷ್ಟೋ ಪಂದ್ಯ ಆಡುತ್ತಾರೆ, ಆದರೆ ಅಭ್ಯಾಸದಲ್ಲಿ ಅವರ ಸ್ಪಾರಿಂಗ್ ಮಕ್ಕಳ ಆಟದಷ್ಟು ಹಗುರ. ನಾಳೆಗೂ ಮೈ ಬೇಕು ಅಂತ ಅವರಿಗೆ ಗೊತ್ತು.

ಪ್ರಶ್ನೆ: ಬೆಲ್ಟ್ ತೊಳೆಯಬಾರದು, ತೊಳೆದರೆ ಕಲಿತದ್ದು ಹೋಗುತ್ತದೆ ಅಂತಾರೆ. ನಿಜವೇ?

ಉತ್ತರ: ತೊಳೆಯಿರಿ. ಬಿಳಿ ಬೆಲ್ಟ್ ವರ್ಷಗಟ್ಟಲೆ ಕೊಳೆಯಾಗಿ ಕಪ್ಪಾಯಿತು ಅನ್ನುವ ಕಥೆಗೂ ಆಧಾರವಿಲ್ಲ. ಹುಳುಕಡ್ಡಿ ಮಾತ್ರ ನಿಜ, ಒಬ್ಬರ ಮೈಯಿಂದ ಇಡೀ ಬ್ಯಾಚಿಗೆ ಹಬ್ಬುತ್ತದೆ. ಉಗುರು ಕತ್ತರಿಸಿ. ಚರ್ಮದ ಮೇಲೆ ಕೆಂಪು ಬಳೆಯಂಥ ಕಲೆ ಕಂಡರೆ ವಾಸಿಯಾಗುವ ತನಕ ಮ್ಯಾಟಿಗೆ ಇಳಿಯಬೇಡಿ.

ಪ್ರಶ್ನೆ: ಮಾಸ್ಟರ್ ನನಗೆ ಮಕ್ಕಳ ಬ್ಯಾಚ್ ಒಪ್ಪಿಸಿದ್ದಾರೆ. ಹದಿನೈದು ಮಕ್ಕಳು, ಆರರಿಂದ ಹನ್ನೊಂದು ವರ್ಷದವರು. ಸಾಲಲ್ಲಿ ನಿಲ್ಲುವುದಿಲ್ಲ, ಹೇಳಿದ್ದು ಕೇಳುವುದಿಲ್ಲ. ಶಿಕ್ಷೆಗೆ ಪುಷ್‌ಅಪ್ ಹಾಕಿಸಬಹುದಾ? ನನಗೂ ಹಾಗೇ ಹಾಕಿಸುತ್ತಿದ್ದರು. (ಹೊಸ ಸಹಾಯಕಿ)

ಉತ್ತರ: ಬೇಡ. ಪುಷ್‌ಅಪ್ ಅವರು ಇಷ್ಟಪಟ್ಟು ಮಾಡಬೇಕಾದ ಕೆಲಸ. ಅದನ್ನೇ ಶಿಕ್ಷೆ ಮಾಡಿದರೆ ವ್ಯಾಯಾಮ ಅಂದರೆ ತಪ್ಪಿಗೆ ಸಿಗುವ ಬಳುವಳಿ ಅಂತ ಮಗುವಿನ ತಲೆಯಲ್ಲಿ ಕೂರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಹದಿನೈದು ಮಕ್ಕಳು, ಒಂದು ಪ್ಯಾಡ್, ಒಬ್ಬೊಬ್ಬರು ಬಂದು ಒದ್ದು ಹೋಗಲು ಹನ್ನೆರಡು ಸೆಕೆಂಡ್. ಒಂದು ಮಗುವಿಗೆ ಮತ್ತೆ ಸರದಿ ಬರಲು ಮೂರು ನಿಮಿಷ. ಏಳು ವರ್ಷದ ಮಗು ಮೂರು ನಿಮಿಷ ಸುಮ್ಮನೆ ನಿಲ್ಲುತ್ತದಾ? ನಿಂತರೆ ಆಶ್ಚರ್ಯ. ನೀವು ಗಲಾಟೆ ಅನ್ನುತ್ತಿರುವುದು ಬಹುಪಾಲು ಈ ಕಾಯುವಿಕೆಯೇ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಹಿಡಿಯಲಿ, ಒಬ್ಬರು ಒದೆಯಲಿ. ಪ್ಯಾಡ್ ಸಾಲದಿದ್ದರೆ ಮುಟ್ಟಾಟ ಆಡಿಸಿ: ಎದುರಿನವರ ಭುಜ ಮುಟ್ಟಬೇಕು, ತನ್ನದು ಮುಟ್ಟಿಸಿಕೊಳ್ಳಬಾರದು. ದೂರ, ಹೊತ್ತು, ಹೆಜ್ಜೆ ಎಲ್ಲ ಅದರಲ್ಲೇ ಇದೆ. ವೃತ್ತ ಎಳೆದು ಹೊರಗೆ ತಳ್ಳುವ ಆಟ ಆಡಿಸಿದರೆ ಸೊಂಟ ಕೆಳಗಿಳಿಸಿ ನಿಲ್ಲುವುದು ನೀವು ಹೇಳದೆಯೇ ಬರುತ್ತದೆ. ಜೋಡಿ ಮಾಡುವಾಗ ವಯಸ್ಸಿಗಿಂತ ತೂಕ, ಎತ್ತರ ನೋಡಿ. ಹನ್ನೊಂದರ ಹುಡುಗನಿಗೂ ಆರರ ಮಗುವಿಗೂ ಜೋಡಿ ಬೇಡವೇ ಬೇಡ.

ಮಾತು ಕಮ್ಮಿ ಮಾಡಿ. ಮಾಡಿ ತೋರಿಸಿ, ಮಾಡಲು ಬಿಡಿ, ಒಂದೇ ತಪ್ಪು ತಿದ್ದಿ. ಕೈ ಹೀಗಿಡು, ಸೊಂಟ ತಿರುಗಿಸು, ಕಣ್ಣು ಮುಂದೆ, ಉಸಿರು ಬಿಡು ಅಂತ ಒಟ್ಟಿಗೆ ನಾಲ್ಕು ಹೇಳಿದರೆ ಮಗು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತದೆ. ಚೆನ್ನಾಗಿ ಮಾಡಿದಾಗ ಬರೀ ‘ಗುಡ್’ ಅನ್ನಬೇಡಿ. ‘ಈ ಸಲ ಕಾಲು ಬೇಗ ವಾಪಸ್ ಎಳೆದುಕೊಂಡೆ’ ಅನ್ನಿ, ಏನು ಸರಿಯಾಯಿತು ಅಂತ ಅದಕ್ಕೂ ಗೊತ್ತಾಗಲಿ.

ಕೆಲವು ವಿಷಯಗಳಲ್ಲಿ ಮಾತ್ರ ಯಾರು ಹೇಳಿದರೂ ಕೇಳಬೇಡಿ. ಕಾಲು ಅಗಲಿಸುವಾಗ ಬೆನ್ನ ಮೇಲೆ ಕೂತು ಒತ್ತುವುದು ಬೇಡ. ಗಟ್ಟಿ ನೆಲದ ಮೇಲೆ ಮುಷ್ಟಿ ಊರಿ ಪುಷ್‌ಅಪ್, ಹಲಗೆಗೆ ಗುದ್ದಿ ಗೆಣ್ಣು ಗಟ್ಟಿ ಮಾಡುವುದು ಮಕ್ಕಳಿಗೆ ಬೇಡ. ಅವರ ಎಲುಬಿನ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆ ಭಾಗ ಇರುತ್ತದೆ, ಅಲ್ಲಿ ಪೆಟ್ಟಾದರೆ ಬೆಳವಣಿಗೆಯೇ ಕೆಡಬಹುದು. ಪಂದ್ಯಕ್ಕೆ ತೂಕ ಇಳಿಸಲು ನೀರು ಬಿಡಿಸುವುದು ಬೇಡ. ‘ಸಾಕು’ ಅಂತ ಮಗು ಮ್ಯಾಟ್ ತಟ್ಟಿದ ಕ್ಷಣ ಜೊತೆಗಾರ ಬಿಡಲೇಬೇಕು, ಇದನ್ನು ಮೊದಲ ದಿನವೇ ಕಲಿಸಿ.

ಕಾನೊ ಬರೀ ಜೂಡೋದವರಲ್ಲ, ಶಿಕ್ಷಕರಿಗೆ ತರಬೇತಿ ಕೊಡುವ ಟೋಕಿಯೊದ ದೊಡ್ಡ ಸಂಸ್ಥೆಯೊಂದರ ಮುಖ್ಯಸ್ಥರಾಗಿ ವರ್ಷಗಟ್ಟಲೆ ಇದ್ದವರು. ಹಳೆಯ ಪಟ್ಟುಗಳಲ್ಲಿ ಅಪಾಯದವನ್ನು ಬೇರೆ ಇಟ್ಟು, ಉಳಿದವನ್ನು ಇಬ್ಬರು ಪೂರ್ತಿ ಬಲ ಹಾಕಿ ಆಡಬಹುದಾದ ರಂದೋರಿ ಅನ್ನುವ ಅಭ್ಯಾಸಕ್ಕೆ ತಂದರು. ಅಪಾಯ ಕಮ್ಮಿಯಾದ್ದರಿಂದಲೇ ಅವರ ಶಿಷ್ಯರು ಜೋರಾಗಿ, ಮತ್ತೆ ಮತ್ತೆ ಅಭ್ಯಾಸ ಮಾಡಲು ಆಯಿತು. ಕಲಿಸುವವರು ಇದರ ಬಗ್ಗೆ ಕೂತು ಯೋಚಿಸಬೇಕು ಅಂತ ನನ್ನ ಆಸೆ.

ಪ್ರಶ್ನೆ: ಮುಟ್ಟದೆಯೇ ಶಕ್ತಿಯಿಂದ ಜನರನ್ನು ಬೀಳಿಸುವ ಗುರುಗಳ ವಿಡಿಯೋ ಇದೆ. ನೀವು ನಂಬುತ್ತೀರಾ?

ಉತ್ತರ: ಇಲ್ಲ. ಬೀಳುವವರು ಯಾರು ಅಂತ ನೋಡಿ, ಯಾವಾಗಲೂ ಅವರದೇ ಶಿಷ್ಯರು. ಅವರೆಲ್ಲ ಸುಳ್ಳು ಮಾಡುತ್ತಾರೆ ಅಂತಲೂ ನಾನು ಹೇಳುವುದಿಲ್ಲ, ಎಲ್ಲರೂ ಬೀಳುವ ಕಡೆ ಮೈ ತಾನಾಗಿ ಬೀಳುತ್ತದೆ. 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಎಂಎಂಎ ಆಟಗಾರ ಶು ಶಿಯಾವೊಡಾಂಗ್ ಎದುರು ತೈ ಚಿ ಗುರು ವೇ ಲೇ ನಿಂತರು. ಅರ್ಧ ನಿಮಿಷದೊಳಗೆ ಎಲ್ಲ ಮುಗಿಯಿತು. ಇದರಿಂದ ತೈ ಚಿಯೇ ವ್ಯರ್ಥ ಅನ್ನಬೇಡಿ, ವಯಸ್ಸಾದವರಿಗೆ ಸಮತೋಲ ತಪ್ಪಿ ಬೀಳದಂತೆ ನೋಡಿಕೊಳ್ಳಲು ಅದು ಒಳ್ಳೆಯ ಅಭ್ಯಾಸ. ಹೊಡೆಯಲು ಬರುವವನ ಎದುರು ಅಭ್ಯಾಸ ಮಾಡದಿದ್ದರೆ ಯಾವ ಶೈಲಿಯೂ ಅಲ್ಲಿ ಕೈ ಹಿಡಿಯುವುದಿಲ್ಲ.

ಪ್ರಶ್ನೆ: ವಯಸ್ಸು ಹತ್ತೊಂಬತ್ತು. ಆರು ವರ್ಷದಿಂದ ಒಬ್ಬರೇ ಗುರುಗಳ ಬಳಿ ಕಲಿಯುತ್ತಿದ್ದೇನೆ. ಬೇರೆ ಕಡೆ ಒಂದು ಶಿಬಿರಕ್ಕೆ ಹೋಗುತ್ತೇನೆ ಅಂದದ್ದಕ್ಕೆ ದ್ರೋಹಿ ಅಂದರು. ಈಚೆಗೆ ರಾತ್ರಿ ಮೆಸೇಜ್ ಕಳಿಸುತ್ತಾರೆ, ಯಾರಿಗೂ ತೋರಿಸಬೇಡ ಅನ್ನುತ್ತಾರೆ. ಕಲಿಸಿದವರು, ಹೇಗೆ ಬಿಡಲಿ? (ಹೆಸರು ಬೇಡ)

ಉತ್ತರ: ಬಿಡಮ್ಮಾ. ಇವತ್ತೇ ಬಿಡು. ‘ಯಾರಿಗೂ ತೋರಿಸಬೇಡ’ ಅಂದರಲ್ಲ, ತಾವು ಮಾಡುತ್ತಿರುವುದು ತಪ್ಪು ಅಂತ ಅವರಿಗೇ ಗೊತ್ತಿದೆ. ಮೆಸೇಜ್ ಅಳಿಸಬೇಡ, ಇಟ್ಟುಕೋ. ಮನೆಯಲ್ಲಿ ನಿನ್ನ ಮಾತು ನಂಬುವ ಒಬ್ಬರಿಗೆ ತೋರಿಸು. ಒಬ್ಬಳೇ ಹೋಗಿ ಅವರನ್ನು ಭೇಟಿಯಾಗಿ ವಿವರಿಸಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ಬೆದರಿಸಿದರೆ, ಮೈ ಮುಟ್ಟಿದ್ದರೆ ಪೊಲೀಸರಿಗೆ ದೂರು ಕೊಡು. ಅದೇ ಕ್ಲಾಸಿನಲ್ಲಿ ನಿನಗಿಂತ ಚಿಕ್ಕವರಿದ್ದಾರೆ ಅನ್ನುವುದೂ ನೆನಪಿರಲಿ, ಆದರೆ ಅದರ ಹೊರೆ ನಿನ್ನೊಬ್ಬಳದಲ್ಲ. ಅವರ ತಂದೆತಾಯಿಗೆ ನಿಮ್ಮ ಮನೆಯ ಹಿರಿಯರು ಹೇಳಲಿ.

ದ್ರೋಹದ ಮಾತಿಗೆ ಬಂದರೆ, ಈ ಕಲೆಗಳ ಚರಿತ್ರೆಯೇ ಅವರ ಮಾತಿಗೆ ಉತ್ತರ. ಫುನಾಕೊಶಿಗೆ ಅಸಾತೊ, ಇತೊಸು ಅಂತ ಇಬ್ಬರು ಗುರುಗಳು. ಇಬ್ಬರೂ ಗೆಳೆಯರು, ಒಬ್ಬ ಶಿಷ್ಯನನ್ನು ಹಂಚಿಕೊಂಡು ಕಲಿಸಿದರು. ಕಾನೊ ಎರಡು ಬೇರೆ ಪರಂಪರೆಗಳಲ್ಲಿ ಕಲಿತವರು. ಅಷ್ಟು ದೊಡ್ಡ ಹೆಸರು ಬಂದ ಮೇಲೂ 1930ರಲ್ಲಿ ಐಕಿಡೊ ಹುಟ್ಟುಹಾಕಿದ ಮೊರಿಹೆಯಿ ಉಯೆಶಿಬಾ ಅವರ ಕಲೆ ನೋಡಿ ಮೆಚ್ಚಿ, ಹೋಗಿ ಕಲಿತು ಬನ್ನಿ ಅಂತ ತಮ್ಮ ಶಿಷ್ಯ ಮಿನೊರು ಮೊಚಿಜುಕಿಯನ್ನು ಅವರ ಬಳಿ ತಾವೇ ಕಳಿಸಿದರು. ಗುರು ಅಂದರೆ ನನ್ನ ಕಣ್ಣಿಗೆ ಇಂಥವರು. ನೀನು ಆರು ವರ್ಷ ಕಲಿತದ್ದು ನಿನ್ನ ಮೈಯಲ್ಲಿದೆ, ಅದನ್ನು ಯಾರೂ ವಾಪಸ್ ಕೇಳಲಾರರು. ಬೇರೆ ಕಡೆ ಬಿಳಿ ಬೆಲ್ಟ್ ಕಟ್ಟಿಕೊಂಡು ಶುರು ಮಾಡಿದರೂ ನಷ್ಟವಿಲ್ಲ.

ಪ್ರಶ್ನೆ: ನನಗೆ 46. ಜೂಡೋ ಶುರು ಮಾಡಬಹುದಾ?

ಉತ್ತರ: ಖಂಡಿತ. ಬಿಪಿ, ಹೃದಯ ಒಮ್ಮೆ ತೋರಿಸಿಕೊಳ್ಳಿ. ವಾರಕ್ಕೆ ಎರಡು ದಿನ ಸಾಕು. ಈ ವಯಸ್ಸಿನಲ್ಲಿ ಮಾಂಸಖಂಡ ಬೇಗ ಹೊಂದಿಕೊಳ್ಳುತ್ತದೆ, ಆದರೆ ಅದನ್ನು ಎಲುಬಿಗೆ ಹಿಡಿದಿರುವ ಸ್ನಾಯುರಜ್ಜು ನಿಧಾನ. ಎರಡನೇ ತಿಂಗಳಲ್ಲಿ ‘ಈಗ ಫಿಟ್ ಆದೆ’ ಅನ್ನಿಸುವಾಗಲೇ ಭುಜ, ಮಂಡಿ ಕೈಕೊಡುವುದು ಅದಕ್ಕೇ. ಬೀಳುವುದು ಚೆನ್ನಾಗಿ ಬರುವ ತನಕ ಯಾರಿಂದಲೂ ಎತ್ತಿ ಹಾಕಿಸಿಕೊಳ್ಳಬೇಡಿ, ಇಪ್ಪತ್ತರ ಹುಡುಗ ಜೋರು ಮಾಡಿದರೆ ‘ಇವತ್ತು ಬೇಡಪ್ಪಾ’ ಅಂತ ನೇರವಾಗಿ ಹೇಳಿ. ಜೊತೆಗಾರರನ್ನು ಆರಿಸಿಕೊಳ್ಳುವ ಹಕ್ಕು ನಿಮಗಿದೆ. ಒಳ್ಳೆಯ ಕ್ಲಾಸಿನಲ್ಲಿ ಮಾಸ್ಟರ್ ತಾವಾಗಿಯೇ ನಿಮ್ಮನ್ನು ಅನುಭವ ಇರುವ, ನಿಧಾನಸ್ಥರ ಜೊತೆ ಹಾಕುತ್ತಾರೆ.